ಮನೆಯನ್ನು ಪರೀಕ್ಷಿಸುವ ಕ್ರಮ: ಗೋಡೆ, ಮಾಳಿಗೆ ಮತ್ತು ಮರಗಳಲ್ಲಿ ಕಂಡುಬರುವ ದೋಷಗಳು

ಎತ್ತನ್ನು ಕೊಳ್ಳುವ ರೈತನು ಅದರ ಹಲ್ಲನ್ನೂ ಸುಳಿಯನ್ನೂ ನೋಡಿ, ನಾಲ್ಕು ಹೆಜ್ಜೆ ನಡೆಯಿಸಿ, ನೊಗಕ್ಕೆ ಹೂಡಿ ನೋಡಿದ ಹೊರತು ಹಣವನ್ನು ಎಣಿಸುವುದಿಲ್ಲ. ಜಮೀನನ್ನು ಕೊಳ್ಳುವಾಗ ಮಣ್ಣನ್ನು ಅಗೆದು ನೋಡುವನು. ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡುವನು. ಮನೆಯ ವಿಷಯದಲ್ಲಿ ಮಾತ್ರ ಈ ಎಚ್ಚರಿಕೆಯು ಕಾಣುವುದು ವಿರಳ. ಅಂಕಣಗಳು ಎಷ್ಟು, ಬಾಗಿಲು ಯಾವ ದಿಕ್ಕಿಗಿದೆ, ಆಯವು ಸರಿಯಿದೆಯೆ ಎಂದು ವಿಚಾರಿಸಿ, ಹೊಸದಾಗಿ ಬಳಿದ ಸುಣ್ಣವನ್ನು ಕಂಡು ತೃಪ್ತನಾಗಿ ಕ್ರಯಪತ್ರಕ್ಕೆ ರುಜು ಹಾಕುವವರೇ ಹೆಚ್ಚು. ತಾತನ ಕಾಲದಿಂದ ವಾಸಿಸುತ್ತಿರುವ ಸ್ವಂತ ಮನೆಯನ್ನಂತೂ ಯಾರೂ ಪರೀಕ್ಷಿಸುವುದಿಲ್ಲ. ಇಷ್ಟು ವರ್ಷ ನಿಂತ ಗೋಡೆಯು ಈ ಮಳೆಗಾಲದಲ್ಲಿಯೂ ನಿಲ್ಲುವುದೆಂದು ನಂಬಿ ಅದರ ಮಗ್ಗುಲಲ್ಲಿಯೇ ಮಕ್ಕಳನ್ನು ಮಲಗಿಸುವುದು ರೂಢಿಯಾಗಿದೆ.

ಮನೆಯ ತನಿಖೆಯೆಂಬ ಮಾತಿಗೆ ಹಳ್ಳಿಗಳಲ್ಲಿ ಒಳ್ಳೆಯ ಹೆಸರಿಲ್ಲದಿರುವುದಕ್ಕೂ ಕಾರಣವುಂಟು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಮೈಸೂರು ಸಂಸ್ಥಾನದಲ್ಲಿ ಹಬ್ಬಿದಾಗ, ಅಧಿಕಾರಿಗಳು ಮನೆಗಳನ್ನು ಹೊಕ್ಕು ನೋಡಿ ಜನರನ್ನು ಊರ ಹೊರಗಿನ ಗುಡಿಸಲುಗಳಿಗೆ ಕಳುಹಿಸಿದ ನೆನಪು ಬಹುಕಾಲ ಉಳಿಯಿತು. ಇಲ್ಲಿ ಹೇಳುವ ಪರೀಕ್ಷೆಯು ಆ ಬಗೆಯದಲ್ಲ. ಇದು ಯಜಮಾನನು ತನ್ನ ಮನೆಯನ್ನು ತಾನೇ ನೋಡಿಕೊಳ್ಳುವ ಪರೀಕ್ಷೆ.

ಮನೆಗಳನ್ನು ಪರೀಕ್ಷಿಸುವುದನ್ನೇ ವೃತ್ತಿಯಾಗಿ ಉಳ್ಳವರು ಕಂಡುಹಿಡಿಯುವ ದೋಷಗಳ ಪಟ್ಟಿಯು ಉದ್ದವಾಗಿದ್ದರೂ, ಹಳ್ಳಿಯ ಮನೆಯ ಮಟ್ಟಿಗೆ ಅವುಗಳಲ್ಲಿ ಬಹುಪಾಲಿನ ಮೂಲವು ಎರಡೇ. ನಿಲ್ಲಬಾರದ ಸ್ಥಳದಲ್ಲಿ ನೀರು ನಿಲ್ಲುವುದು ಒಂದು. ಹೊರಲಾರದ ಗೋಡೆಯ ಮೇಲೆ ಭಾರವು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುವುದು ಮತ್ತೊಂದು. ಇವನ್ನು ಕಂಡುಹಿಡಿಯಲು ಬೆಲೆಯುಳ್ಳ ಯಂತ್ರವೇನೂ ಬೇಕಾಗಿಲ್ಲ. ಗೋಣಿಚೀಲ ಹೊಲಿಯುವ ದಬ್ಬಳ, ಒಂದು ಹಾರೆ, ಹುರಿಗೆ ಕಟ್ಟಿದ ತೂಕದ ಗುಂಡು, ಏಣಿ, ಕೈದೀಪ, ಒಂದು ಚೂರು ಸೀಮೆಸುಣ್ಣ, ಇಷ್ಟಿದ್ದರೆ ಸಾಕು. ಅರ್ಧ ದಿನದ ಕೆಲಸ.

ಹೊರಗಿನ ಸುತ್ತು

ಅನುಭವಸ್ಥನು ಮೊದಲು ಮನೆಯೊಳಕ್ಕೆ ಹೋಗುವುದಿಲ್ಲ. ಹೊರಗಿನಿಂದ ಒಂದು ಸುತ್ತು ಬರುವನು. ಸಾಧ್ಯವಾದರೆ ಮಳೆ ಸುರಿಯುತ್ತಿರುವಾಗಲೇ ಬರುವನು. ಸೂರಿನ ನೀರು ಎಲ್ಲಿ ಬೀಳುತ್ತದೆ, ಬಿದ್ದ ನೀರು ಗೋಡೆಯ ಕಡೆಗೆ ಹರಿಯುತ್ತದೆಯೇ ಆಚೆಗೆ ಹರಿಯುತ್ತದೆಯೇ ಎಂಬುದನ್ನು ಹತ್ತು ನಿಮಿಷದ ಮಳೆಯು ತೋರಿಸುವಷ್ಟು ಸ್ಪಷ್ಟವಾಗಿ ಹತ್ತು ದಿನದ ಬಿಸಿಲು ತೋರಿಸಲಾರದು. ಮಳೆಯಿಲ್ಲದ ಕಾಲದಲ್ಲಿ ಹತ್ತು ಕೊಡ ನೀರನ್ನು ಗೋಡೆಯ ಬುಡದಲ್ಲಿ ಸುರಿಯಿಸಿ ನೋಡಬಹುದು.

ಈ ಸುತ್ತಿನಲ್ಲಿ ಅತಿ ಹೆಚ್ಚಾಗಿ ಕಂಡುಬರುವ ದೋಷವು ಮನೆಯವರದಲ್ಲ, ಬೀದಿಯದು. ರಸ್ತೆಗೆ ಪದೇ ಪದೇ ಜಲ್ಲಿ ಹಾಕಿ ಎತ್ತರಿಸಿದುದರಿಂದ ಬೀದಿಯ ಮಟ್ಟವು ಮನೆಯ ನೆಲಕ್ಕಿಂತ ಮೇಲಾಗಿರುತ್ತದೆ. ಹಿಂದೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಜಗುಲಿಗೆ ಈಗ ಮೆಟ್ಟಿಲೇ ಇಲ್ಲ. ಅಂತಹ ಮನೆಯ ಗೋಡೆಯು ಮಳೆಗಾಲವಿಡೀ ಬೀದಿಯ ನೀರನ್ನು ಕುಡಿಯುವುದು. ರಸ್ತೆಯ ಕೆಲಸವು ನಡೆಯುವಾಗಲೇ ಗ್ರಾಮದ ಮುಖ್ಯಸ್ಥರು ಇದನ್ನು ಗಮನಿಸಿ, ಹಳೆಯ ಜಲ್ಲಿಯನ್ನು ಕೆರೆದು ತೆಗೆದ ಮೇಲೆ ಹೊಸದನ್ನು ಹಾಕಿಸುವಂತೆ ಕೇಳುವುದು ಯುಕ್ತ. ಕೆಲಸ ಮುಗಿದ ಮೇಲೆ ಕೇಳಿ ಫಲವಿಲ್ಲ.

ಎರಡನೆಯದು ಬಚ್ಚಲಿನ ನೀರು. ಬಚ್ಚಲ ಕಿಂಡಿಯಿಂದ ಹೊರಬಿದ್ದ ನೀರು ಗೋಡೆಗೆ ಅಂಟಿಕೊಂಡೇ ಹರಿದು, ಅಲ್ಲಿ ಬಾಳೆಯ ಗಡ್ಡೆಯನ್ನು ನೆಟ್ಟಿರುವುದನ್ನು ಹಿತ್ತಿಲುಗಳಲ್ಲಿ ಕಾಣಬಹುದು. ಬಾಳೆಯು ಸೊಂಪಾಗಿ ಬೆಳೆದಿದೆಯೆಂದರೆ ಗೋಡೆಯ ಪಾಯವು ಬೇಸಗೆಯಲ್ಲಿಯೂ ನೆನೆದಿದೆಯೆಂದು ಅರ್ಥ. ಒಂದೆರಡು ಮಾರು ದೂರಕ್ಕೆ ಕಲ್ಲಿನ ಅಥವಾ ಗಾರೆಯ ಕಾಲುವೆಯಲ್ಲಿ ನೀರನ್ನು ಒಯ್ದು ಅಲ್ಲಿ ಬಾಳೆಯನ್ನು ನೆಟ್ಟರೆ ಬಾಳೆಗೂ ಕೇಡಿಲ್ಲ, ಗೋಡೆಗೂ ಕೇಡಿಲ್ಲ. ಗೋಡೆಗೆ ಒರಗಿಸಿದ ತಿಪ್ಪೆ, ಸೌದೆಯ ರಾಶಿ, ಮಾಳಿಗೆಯಿಂದ ಇಳಿಸಿದ ಮಣ್ಣಿನ ಗುಡ್ಡೆ, ಇವೂ ನೀರನ್ನು ಹಿಡಿದು ನಿಲ್ಲಿಸುವ ವಸ್ತುಗಳೇ.

ಗೋಡೆಯ ಸಂದಿಯಲ್ಲಿ ಹುಟ್ಟಿದ ಅರಳಿ ಅಥವಾ ಆಲದ ಸಸಿಯನ್ನು ಕೀಳಲು ಅನೇಕರು ಅಂಜುವರು. ಎರಡು ಎಲೆಯ ಸಸಿಯನ್ನು ಬೇರುಸಹಿತ ಬಿಡಿಸಿ ಕೆರೆಯ ಏರಿಯ ಆಚೆಗೋ ಗುಡಿಯ ಬಯಲಿಗೋ ನೆಟ್ಟು ನೀರೆರೆದರೆ ಆ ಅಂಜಿಕೆಗೆ ಕಾರಣವಿರದು. ಬೇರು ತೋಳಿನಷ್ಟು ದಪ್ಪವಾದ ಮೇಲೆ ಮರವನ್ನು ತೆಗೆಯಬೇಕಾದರೆ ಗೋಡೆಯನ್ನೂ ತೆಗೆಯಬೇಕಾಗುವುದು.

ಮಲೆನಾಡಿನ ಮನೆಗಳು ಈ ವಿಷಯದಲ್ಲಿ ಬಯಲುಸೀಮೆಗೆ ಪಾಠ ಹೇಳುವಂತಿವೆ. ಅಲ್ಲಿಯ ಹಳೆಯ ಮನೆಗಳಲ್ಲಿ ಸೂರನ್ನು ಗೋಡೆಯಿಂದ ಬಹು ದೂರ ಚಾಚಿರುವರು. ಗಾಳಿಮಳೆಯ ಕಡೆಗೆ ಮಳೆಗಾಲದಲ್ಲಿ ಅಡಿಕೆಯ ಸೋಗೆಯ ತಟ್ಟಿಯನ್ನು ಕಟ್ಟುವರು. ಅಷ್ಟು ದೊಡ್ಡ ಮಳೆಯಲ್ಲಿಯೂ ಮಣ್ಣಿನ ಗೋಡೆಗಳು ತಲೆಮಾರುಗಳ ಕಾಲ ಉಳಿದಿರುವುದಕ್ಕೆ ಗೋಡೆಯ ಗಟ್ಟಿತನಕ್ಕಿಂತ ಈ ಸೂರೇ ಹೆಚ್ಚಿನ ಕಾರಣ. ಈಗ ಅದೇ ಮನೆಗಳ ಮಾಡನ್ನು ಬಿಚ್ಚಿ ತಗಡನ್ನು ಹೊದಿಸುವಾಗ, ಖರ್ಚು ಉಳಿಸಲು ಸೂರನ್ನು ಒಂದು ಮೊಳಕ್ಕೆ ಕತ್ತರಿಸುವುದುಂಟು. ಉಳಿಸಿದ ತಗಡಿನ ಬೆಲೆಯನ್ನು ಕೆಲವೇ ಮಳೆಗಾಲದಲ್ಲಿ ಗೋಡೆಗೆ ತೆರಬೇಕಾಗುವುದು.

ಗೋಡೆಯ ಬುಡ

ದೀಪದ ಬತ್ತಿಯಲ್ಲಿ ಎಣ್ಣೆಯು ಏರುವಂತೆ ಮಣ್ಣಿನ ಗೋಡೆಯಲ್ಲಿ ನೀರು ಕೆಳಗಿನಿಂದ ಏರುವುದು. ಏರಿದ ನೀರು ಮೊಣಕಾಲಿನಿಂದ ಸೊಂಟದ ಎತ್ತರದಲ್ಲಿ ಆರಿಹೋಗಿ, ತಾನು ತಂದ ಉಪ್ಪನ್ನು ಅಲ್ಲಿಯೇ ಬಿಡುವುದು. ಆ ಉಪ್ಪು ಹರಳುಗಟ್ಟುವಾಗ ಉಬ್ಬಿ, ಗಾರೆಯನ್ನೂ ಹಸಿ ಇಟ್ಟಿಗೆಯನ್ನೂ ಹಿಟ್ಟಿನಂತೆ ಉದುರಿಸುವುದು. ಗೋಡೆಯ ಮೇಲೆ ಬಿಳಿಯ ಹೂವಿನಂತಹ ಪುಡಿಯು ಸಾಲಾಗಿ ಕಂಡರೆ ನೀರು ಎಷ್ಟು ಎತ್ತರಕ್ಕೆ ಏರುತ್ತಿದೆಯೆಂಬುದು ತಿಳಿಯುವುದು. ಕೊಟ್ಟಿಗೆಗೆ ಹೊಂದಿದ ಗೋಡೆಯಲ್ಲಿ ಇದು ಎಲ್ಲಕ್ಕಿಂತ ಹೆಚ್ಚು. ಗಂಜಲವು ಇಂಗಿದ ಮಣ್ಣಿನಲ್ಲಿ ಕಾಲಕ್ರಮದಲ್ಲಿ ಪೆಟ್ಲುಪ್ಪು ಹುಟ್ಟುವುದು. ಹಿಂದಿನ ಕಾಲದಲ್ಲಿ ಮದ್ದಿನ ತಯಾರಿಕೆಗಾಗಿ ಹಳೆಯ ಊರುಗಳ ಇಂತಹ ಮಣ್ಣನ್ನು ಕೆರೆದು ಒಯ್ಯುತ್ತಿದ್ದರು. ಕೊಟ್ಟಿಗೆಯ ನೆಲಕ್ಕೆ ಚಪ್ಪಡಿ ಹಾಸಿ ಗಂಜಲವನ್ನು ಗುಂಡಿಗೆ ಹರಿಸಿದರೆ ಗೊಬ್ಬರವೂ ಹೆಚ್ಚುವುದು, ಗೋಡೆಯೂ ಉಳಿಯುವುದು.

ಬುಡ ಉದುರಿದ ಗೋಡೆಗೆ ಸಿಮೆಂಟಿನ ಗಿಲಾವು ಮಾಡುವುದು ಈಗಿನ ಸಾಮಾನ್ಯ ಚಿಕಿತ್ಸೆ. ಇದು ಹುಣ್ಣನ್ನು ತೊಳೆಯದೆ ಪಟ್ಟಿ ಕಟ್ಟಿದಂತೆ. ಸಿಮೆಂಟಿನ ಪದರವು ನೀರು ಆರಿಹೋಗುವ ದಾರಿಯನ್ನು ಮುಚ್ಚುವುದರಿಂದ ನೀರು ಇನ್ನಷ್ಟು ಮೇಲಕ್ಕೆ ಏರುವುದು. ಪದರದ ಹಿಂದೆ ಮಣ್ಣು ಕೆಸರಾಗಿ, ಹೊರಗೆ ಕಲ್ಲಿನಂತೆ ಕಾಣುವ ಗೋಡೆಯು ಒಳಗೆ ಟೊಳ್ಳಾಗಿರುವುದು. ಪರೀಕ್ಷಕನು ಹಾರೆಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ ನೋಡುವನು. ಗಟ್ಟಿಯಾದ ಗೋಡೆಯು ಕುಟ್ಟಿದ ಕಲ್ಲಿನ ಸದ್ದು ಕೊಡುವುದು. ಗಿಲಾವು ಬಿಟ್ಟಿರುವ ಗೋಡೆಯು ಬರಿಗಡಿಗೆಯ ಸದ್ದು ಕೊಡುವುದು. ಮಣ್ಣಿನ ಗೋಡೆಗೆ ಮಣ್ಣು ಮತ್ತು ಸುಣ್ಣದ ಗಿಲಾವೇ ತಕ್ಕದ್ದು. ಅದಕ್ಕೂ ಮೊದಲು ನೀರನ್ನು ಬೇರೆ ಕಡೆಗೆ ತಿರುಗಿಸತಕ್ಕದ್ದು. ಈ ಕ್ರಮವನ್ನು ಹಿಂದುಮುಂದು ಮಾಡಿದವರು ಎರಡು ಸಲ ಹಣ ಕೊಡುವರು.

ಮಣ್ಣಿನ ಗೋಡೆಯು ಬೀಳುವ ಕಾಲವನ್ನು ಕುರಿತು ಒಂದು ತಪ್ಪು ತಿಳಿವಳಿಕೆಯಿದೆ. ಮಳೆಯು ಜೋರಾಗಿರುವಾಗ ಜನರು ಎಚ್ಚರದಿಂದಿದ್ದು, ಮಳೆ ನಿಂತೊಡನೆ ಅಪಾಯ ಕಳೆಯಿತೆಂದು ಒಳಕ್ಕೆ ಹೋಗಿ ಮಲಗುವರು. ನೆನೆದ ಗೋಡೆಯು ಮಳೆ ನಿಂತ ಮೇಲೆಯೂ, ಬಿಸಿಲು ಬಿದ್ದು ಒಂದು ಮೈ ಒಣಗತೊಡಗಿದಾಗಲೂ, ಕುಸಿಯುವುದುಂಟು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ, ಉತ್ತರ ಕರ್ನಾಟಕದಲ್ಲಿ ಮಳೆ ಮತ್ತು ಪ್ರವಾಹದಿಂದ ಮಣ್ಣಿನ ಮನೆಗಳು ದೊಡ್ಡ ಸಂಖ್ಯೆಯಲ್ಲಿ ಬಿದ್ದುವು. ನೀರು ಹೊಕ್ಕು ಇಳಿದ ಮನೆಗೆ ಮರಳುವವರು ಮೊದಲು ಹಗಲಿನಲ್ಲಿ ಗೋಡೆಯ ಬುಡವನ್ನು ದಬ್ಬಳದಿಂದ ಚುಚ್ಚಿ ನೋಡಬೇಕು. ದಬ್ಬಳವು ಬೆಣ್ಣೆಗೆ ಇಳಿದಂತೆ ಇಳಿದರೆ ಆ ಗೋಡೆಯು ಪೂರ್ಣವಾಗಿ ಆರುವ ತನಕ ಅಲ್ಲಿ ಮಲಗಬಾರದು, ದನಗಳನ್ನೂ ಕಟ್ಟಬಾರದು.

ಬಿರುಕುಗಳನ್ನು ಓದುವುದು

ಬಿರುಕಿಲ್ಲದ ಹಳೆಯ ಮನೆಯು ಅಪರೂಪ. ಆದಕಾರಣ ಬಿರುಕಿದೆಯೇ ಎಂಬುದಕ್ಕಿಂತ ಅದು ಬೆಳೆಯುತ್ತಿದೆಯೇ ಎಂಬುದನ್ನು ಕೇಳಬೇಕು. ಹಳೆಯ ಬಿರುಕಿನೊಳಗೆ ಧೂಳು, ಹಳೆಯ ಸುಣ್ಣ, ಜೇಡನ ಬಲೆ ಇರುವುವು. ಅದರ ಅಂಚುಗಳು ಸವೆದಿರುವುವು. ಹೊಸದರ ಅಂಚುಗಳು ಚೂಪಾಗಿದ್ದು ಒಳಗಿನ ಮಣ್ಣು ತಾಜಾ ಬಣ್ಣದಲ್ಲಿರುವುದು. ಸಂದೇಹವಿದ್ದಲ್ಲಿ ಬಿರುಕಿಗೆ ಅಡ್ಡಲಾಗಿ ಎರಡು ಕಡೆ ತೆಳುವಾದ ಸುಣ್ಣದ ಗಾರೆಯ ಪಟ್ಟಿಯನ್ನು ಹಚ್ಚಿ, ಪಕ್ಕದಲ್ಲಿ ತಾರೀಖನ್ನು ಬರೆಯಬೇಕು. ಪಟ್ಟಿಯು ಒಂದು ವರ್ಷ ಒಡೆಯದಿದ್ದರೆ ಬಿರುಕು ನಿಂತಿದೆ. ಒಡೆದರೆ ಯಾವ ತಿಂಗಳಿನಲ್ಲಿ ಒಡೆಯಿತೆಂಬುದೇ ಕಾರಣವನ್ನು ಹೇಳುವುದು.

ಎರೆಭೂಮಿಯ ಊರುಗಳಲ್ಲಿ ಇದು ವಿಶೇಷವಾಗಿ ಗಮನಿಸತಕ್ಕ ವಿಷಯ. ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವುದನ್ನು ರೈತನು ತನ್ನ ಹೊಲದಲ್ಲಿ ಪ್ರತಿವರ್ಷ ಕಾಣುವನು. ಕಾಲು ಹೊಕ್ಕುವಷ್ಟು ಬಾಯಿಬಿಟ್ಟ ಆ ಹೊಲದ ಮೇಲೆಯೇ ಪಾಯವು ಕುಳಿತಿದೆಯೆಂಬುದನ್ನು ಮರೆಯುವನು. ಮನೆಯ ಹೊರಗಿನ ಮೂಲೆಗಳ ಕೆಳಗಿನ ಮಣ್ಣು ಬೇಗ ಒಣಗಿ ಕುಗ್ಗುವುದು, ನಡುಮನೆಯ ಕೆಳಗಿನದು ತೇವವಾಗಿಯೇ ಇರುವುದು. ಆಗ ಮೂಲೆಯು ಕೆಳಕ್ಕೆ ಜಾರಿ, ಮೇಲೆ ಅಗಲ ಕೆಳಗೆ ಸಣ್ಣದಾದ ಓರೆ ಬಿರುಕು ಬೀಳುವುದು. ಬೇಸಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚಿಕೊಳ್ಳುವ ಇಂತಹ ಬಿರುಕಿಗೆ ಪ್ರತಿ ಬೇಸಗೆಯಲ್ಲಿಯೂ ಗಾರೆ ತುಂಬುವವರು ತಾವು ತಿಳಿಯದೆಯೇ ಗೋಡೆಗೆ ಬೆಣೆ ಹೊಡೆಯುತ್ತಿರುವರು. ಮಳೆಗಾಲದಲ್ಲಿ ಮುಚ್ಚಿಕೊಳ್ಳಲು ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ಮನೆಯ ಸುತ್ತ ಎರಡು ಮೊಳ ಅಗಲಕ್ಕೆ, ಹೊರಕ್ಕೆ ಇಳಿಜಾರಾಗಿ ಕಲ್ಲು ಹಾಸಿ, ಬುಡದ ಮಣ್ಣಿಗೆ ಬಿಸಿಲೂ ನೀರೂ ಒಂದೇ ಸಲ ತಾಗದಂತೆ ಮಾಡುವುದು ಇದಕ್ಕೆ ಸುಲಭವಾದ ಪರಿಹಾರ.

ಅಡ್ಡಗೋಡೆಯು ಉದ್ದಗೋಡೆಯನ್ನು ಕೂಡುವ ಮೂಲೆಯಲ್ಲಿ ನೆಟ್ಟಗೆ ಬಿದ್ದ ಬಿರುಕು ಇವೆಲ್ಲಕ್ಕಿಂತ ಕೆಟ್ಟದು. ಆ ಎರಡು ಗೋಡೆಗಳನ್ನು ಕಟ್ಟುವಾಗಲೇ ಒಂದಕ್ಕೊಂದು ಹೆಣೆದಿಲ್ಲ, ಈಗ ಒಂದು ಹೊರಕ್ಕೆ ವಾಲುತ್ತಿದೆ ಎಂದು ತಿಳಿಯಬೇಕು. ಗೋಡೆಯ ತಲೆಯಿಂದ ಗುಂಡನ್ನು ಇಳಿಬಿಟ್ಟು, ಹುರಿಗೂ ಗೋಡೆಗೂ ನಡುವಣ ಅಂತರವನ್ನು ಮೇಲೆ, ನಡುವೆ, ಕೆಳಗೆ ಅಳೆದು ಗೋಡೆಯ ಮೇಲೆಯೇ ಬರೆದಿಡತಕ್ಕದ್ದು. ಮಳೆಗಾಲಕ್ಕೆ ಮುಂಚೆ ಬರೆದ ಅಳತೆಯು ಮಳೆಗಾಲದ ತರುವಾಯ ಬದಲಾಗಿದ್ದರೆ ಕೂಡಲೆ ಆ ಕೋಣೆಯನ್ನು ತೆರವು ಮಾಡಿ, ಗೋಡೆಗೆ ಊರುಗೋಲು ಕೊಟ್ಟು, ತಿಳಿದವರನ್ನು ಕರೆಯಿಸಬೇಕು.

ಮಾಳಿಗೆಯ ಭಾರ

ಬೀದರ, ಕಲಬುರಗಿ, ವಿಜಯಪುರ ಮೊದಲಾದ ಕಡೆಗಳ ಹಳೆಯ ಮನೆಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ ಜಂತೆಗಳ ಮೇಲೆ ಮಣ್ಣು ಹಾಕಿದ ಸಮನಾದ ಮಾಳಿಗೆ ಇರುವುವು. ಬೇಸಗೆಯ ಸೆಕೆಗೆ ಇಷ್ಟು ಹಿತವಾದ ಮನೆಯು ಮತ್ತೊಂದಿಲ್ಲ. ಬೀದರಕ್ಕೆ ಹೊಂದಿದ ಮರಾಠವಾಡದ ಹಳ್ಳಿಗಳಲ್ಲಿಯೂ ಮನೆಗಳು ಇದೇ ಬಗೆಯವು. ಈ ಸೀಮೆಯು ಹೈದರಾಬಾದು ಸಂಸ್ಥಾನದಲ್ಲಿ ಒಂದೇ ಆಡಳಿತಕ್ಕೆ ಒಳಪಟ್ಟಿತ್ತು, ಕಟ್ಟುವ ಪದ್ಧತಿಯೂ ಒಂದೇ ಆಗಿತ್ತು. ಅಂತಹ ಹಳ್ಳಿಗಳಲ್ಲಿ ಒಂದಾದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ, 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ, ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನರು ಮಲಗಿದ್ದಾಗ, ಭೂಮಿಯು ಕಂಪಿಸಿತು. ಕಂಪದ ಪ್ರಮಾಣವು 6.2. ಏಳು ಸಾವಿರಕ್ಕೂ ಮಿಕ್ಕಿ ಜನರು ಸತ್ತರು. ಆಗಿನ ಸರಕಾರಿ ನಕಾಶೆಯಲ್ಲಿ ಆ ಸೀಮೆಯು ಭೂಕಂಪದ ಭಯವು ಅತ್ಯಂತ ಕಡಮೆಯಿರುವ ವಲಯದಲ್ಲಿತ್ತು.

ತರುವಾಯ ಇಂಜಿನಿಯರರು ಬಿದ್ದ ಮನೆಗಳನ್ನೂ ನಿಂತ ಮನೆಗಳನ್ನೂ ಪರೀಕ್ಷಿಸಿದಾಗ ಕಂಡುದು ಇಷ್ಟು. ಗೋಡೆಗಳು ಎರಡು ಅಡಿಗೂ ಮಿಕ್ಕಿ ದಪ್ಪವಾಗಿದ್ದುವು. ಆದರೆ ಅದು ಒಂದೇ ಗೋಡೆಯಾಗಿರಲಿಲ್ಲ. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು ಕಲ್ಲು, ನಡುವೆ ಜಲ್ಲಿ ಮತ್ತು ಮಣ್ಣು. ಎರಡು ಮೈಗಳನ್ನೂ ಹಿಡಿದು ನಿಲ್ಲಿಸುವ ಉದ್ದವಾದ ಅಡ್ಡಗಲ್ಲುಗಳೇ ಇರಲಿಲ್ಲ. ಅಲುಗಿದೊಡನೆ ಒಂದು ಮೈ ಬೀದಿಗೆ, ಇನ್ನೊಂದು ಮೈ ಮಲಗಿದ್ದವರ ಮೇಲೆ ಬಿತ್ತು. ಅದರ ಹಿಂದೆಯೇ ಮಾಳಿಗೆಯ ಮಣ್ಣು ಇಳಿಯಿತು. ಮರದ ಕಂಬ ತೊಲೆಗಳ ಚೌಕಟ್ಟಿದ್ದ ಕೆಲವು ಮನೆಗಳಲ್ಲಿ ಸುತ್ತಲಿನ ಗೋಡೆಗಳು ಬಿದ್ದರೂ ಮಾಳಿಗೆಯು ಕಂಬಗಳ ಮೇಲೆ ನಿಂತಿತ್ತು. ಹುಲ್ಲಿನ ಗುಡಿಸಲುಗಳಲ್ಲಿದ್ದ ಬಡವರಲ್ಲಿ ಬಹುಮಂದಿ ಬದುಕಿದರು. ದಪ್ಪ ಗೋಡೆಯ ದೊಡ್ಡ ಮನೆಗಳು ತಮ್ಮ ಯಜಮಾನರನ್ನು ಉಳಿಸಲಿಲ್ಲ.

ಮಾಳಿಗೆಯು ಹೇಗೆ ಅಷ್ಟು ಭಾರವಾಯಿತು? ಕಟ್ಟಿದ ದಿನ ಅದು ಹಾಗಿರಲಿಲ್ಲ. ಸೋರಿದಾಗಲೆಲ್ಲ ಮೇಲೆ ಒಂದು ಪದರ ಮಣ್ಣನ್ನು ಹಾಕುವುದು ಮನೆಯಿಂದ ಮನೆಗೆ ಬಂದ ಪದ್ಧತಿ. ತಂದೆ ಹಾಕಿದುದರ ಮೇಲೆ ಮಗ, ಮಗ ಹಾಕಿದುದರ ಮೇಲೆ ಮೊಮ್ಮಗ. ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಒಂದು ಕೋಣೆಯ ಮೇಲೆ ಎರಡು ಅಡಿ ಮಣ್ಣಿದ್ದರೆ ಅದು 200 ಘನ ಅಡಿ. ತೂಕವು ಸುಮಾರು 9 ಟನ್ನು. ಒಂದು ಬಂಡಿಗೆ ಒಂದು ಟನ್ನಿನಂತೆ ಲೆಕ್ಕ ಹಾಕಿದರೆ, ತುಂಬಿದ ಒಂಬತ್ತು ಬಂಡಿಗಳನ್ನು ತಲೆಯ ಮೇಲೆ ನಿಲ್ಲಿಸಿಕೊಂಡು ಮಲಗಿದಂತೆ. ಮಳೆಯಲ್ಲಿ ನೆನೆದಾಗ ಇನ್ನೂ ಹೆಚ್ಚು.

ಮಣ್ಣಿನ ದಪ್ಪವನ್ನು ತಿಳಿಯುವುದು ಕಷ್ಟವಲ್ಲ. ಮಾಳಿಗೆಯ ಬೆಳಕಿಂಡಿಯ ಬಾಯಲ್ಲಿ ಅಳತೆಗೋಲು ಹಿಡಿದು ನೋಡಬಹುದು. ಮಾಳಿಗೆಯ ಸುತ್ತಣ ಮೋಟುಗೋಡೆಯೂ ಸಾಕ್ಷಿ ಹೇಳುವುದು: ಕಟ್ಟಿದಾಗ ಮೊಣಕಾಲೆತ್ತರವಿದ್ದುದು ಈಗ ಹಿಮ್ಮಡಿಯೆತ್ತರವಾಗಿದ್ದರೆ, ಗೋಡೆಯು ತಗ್ಗಲಿಲ್ಲ, ಮಣ್ಣು ಏರಿತು. ಒಳಗಿನಿಂದ ನೋಡಿದಾಗ ತೊಲೆಯು ನಡುವೆ ಬಾಗಿದ್ದರೆ, ಜಂತೆಯ ತುದಿಯು ಗೋಡೆಯನ್ನು ಕೊರೆದು ಇಳಿದಿದ್ದರೆ, ಅದೂ ಇದೇ ಕಥೆ. ಗೋಡೆಗೆ ಹೊಟ್ಟೆ ಬಂದಿದೆಯೇ ಎಂಬುದನ್ನು ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿ ನೋಡಬೇಕು. ಉಬ್ಬಿದೆಡೆಯಲ್ಲಿ ನೆರಳು ಬೀಳುವುದು. ಹೊಟ್ಟೆ ಬಂದ ಗೋಡೆಯೆಂದರೆ ಎರಡು ಮೈಗಳು ಬೇರೆಯಾಗತೊಡಗಿದ ಗೋಡೆ. ಅಂತಹ ಭಾಗವನ್ನು ತೊಲೆಗೆ ಊರುಗೋಲು ಕೊಟ್ಟು ಬಿಚ್ಚಿ ಕಟ್ಟಿಸುವುದಲ್ಲದೆ ಬೇರೆ ದಾರಿಯಿಲ್ಲ.

ಹೊಟ್ಟೆ ಬಾರದ ಗೋಡೆಯನ್ನು ಬಲಪಡಿಸಲು ಮಾರ್ಗವಿದೆ. ಕಿಲ್ಲಾರಿಯ ತರುವಾಯ ಆ ಸೀಮೆಯಲ್ಲಿ ಮನೆಗಳನ್ನು ಬಲಪಡಿಸಿದ ಕೆಲಸಗಾರರು, ಸುಮಾರು ಮೂರು ಅಡಿಗೊಂದರಂತೆ ಒಂದೊಂದೇ ಕಲ್ಲನ್ನು ಮೆಲ್ಲಗೆ ಬಿಡಿಸಿ, ಗೋಡೆಯ ಈ ಮೈಯಿಂದ ಆ ಮೈಗೆ ಕಂಡಿಯನ್ನು ಮಾಡಿ, ಎರಡು ತುದಿಯಲ್ಲಿಯೂ ಬಗ್ಗಿಸಿದ ಕಬ್ಬಿಣದ ಸರಳನ್ನು ಅದರಲ್ಲಿಟ್ಟು ಕಾಂಕ್ರೀಟನ್ನು ತುಂಬಿದರು. ಇದು ಆಮೇಲೆ ಹಾಕಿದ ಅಡ್ಡಗಲ್ಲಿನಂತೆ ಕೆಲಸ ಮಾಡುವುದು. ಕಂಡಿಯನ್ನು ಹೊಡೆದು ಬಡಿದು ಮಾಡಬಾರದು, ಅಲುಗಿಸಿ ಬಿಡಿಸಬೇಕು. ಕಂಬವೂ ತೊಲೆಯೂ ಕೂಡುವಲ್ಲಿ ಎರಡು ಕಡೆಗೂ ಓರೆಯಾಗಿ ಮರದ ಕೈಗಳನ್ನು ಕೊಟ್ಟು ಬಿಗಿದರೆ ಚೌಕಟ್ಟು ವಾಲುವುದಿಲ್ಲ.

ಮಾಳಿಗೆಯ ಮಣ್ಣನ್ನು ಒಂದು ಗೇಣಿಗಿಂತ ಹೆಚ್ಚಿಲ್ಲದಂತೆ ಇಳಿಸತಕ್ಕದ್ದು. ಇಳಿಸುವಾಗ ಒಂದು ಅಂಕಣವನ್ನು ಬರಿದು ಮಾಡಿ ಮತ್ತೊಂದನ್ನು ಹಾಗೆಯೇ ಬಿಡಬಾರದು. ಎಲ್ಲ ಅಂಕಣಗಳಿಂದಲೂ ಪದರ ಪದರವಾಗಿ ಸಮನಾಗಿ ತೆಗೆಯಬೇಕು. ಇಷ್ಟು ತೆಳುವಾದರೆ ಸೋರುವುದಿಲ್ಲವೇ ಎಂದು ಹಿರಿಯರು ಕೇಳುವರು, ಕೇಳುವುದು ನ್ಯಾಯವೇ. ಹಿಂದೆ ಮಣ್ಣಿನ ದಪ್ಪವನ್ನು ಬಿಟ್ಟರೆ ಬೇರೆ ಉಪಾಯವಿರಲಿಲ್ಲ. ಈಗ ಕೃಷಿಹೊಂಡಕ್ಕೆ ಹಾಸುವಂತಹ ದಪ್ಪನೆಯ ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿನ ನಡುವೆ ಹಾಸಿ, ನೀರುದೋಣಿಯ ಕಡೆಗೆ ಇಳಿಜಾರು ಕೊಟ್ಟು, ಮೇಲೆ ತೆಳುವಾಗಿ ಮಣ್ಣು ಹರಡಿದರೆ ಸೋರಿಕೆಯು ನಿಲ್ಲುವುದು. ಇಳಿಸಿದ ಮಣ್ಣನ್ನು ಗೋಡೆಯ ಬುಡದಲ್ಲಿ ರಾಶಿ ಹಾಕದೆ ಅಂದೇ ಬಂಡಿಯಲ್ಲಿ ಹೊರಗೆ ಸಾಗಿಸಬೇಕು.

ಮರ ಮತ್ತು ಗೆದ್ದಲು

ಗೆದ್ದಲು ಬೆಳಕನ್ನೂ ಒಣಗಾಳಿಯನ್ನೂ ಸಹಿಸದು. ಆದಕಾರಣ ಅದು ನೆಲದಿಂದ ಮರಕ್ಕೆ ಹೋಗುವಾಗ ಗೋಡೆಯ ಮೇಲೆ ಮಣ್ಣಿನ ಕೊಳವೆಯನ್ನು ಕಟ್ಟಿಕೊಂಡೇ ಹೋಗುವುದು. ಆ ಕೊಳವೆಯೇ ಪರೀಕ್ಷಕನಿಗೆ ಗುರುತು. ಅದರ ಒಂದು ಅಂಗುಲವನ್ನು ಒಡೆದು ಎರಡು ಮೂರು ದಿನ ಬಿಟ್ಟು ನೋಡಬೇಕು. ಮತ್ತೆ ಕಟ್ಟಿದ್ದರೆ ಗೆದ್ದಲು ಒಳಗೆ ಇದೆ. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಮಳೆಹುಳುಗಳೂ ಗೆದ್ದಲೇ. ಅವು ಹೊರಗಿನಿಂದ ಬಂದರೆ ಚಿಂತೆಯಿಲ್ಲ. ಮನೆಯ ನೆಲದ ಸಂದಿಯಿಂದಲೋ ಬಾಗಿಲುವಾಡದ ಬುಡದಿಂದಲೋ ಎದ್ದುಬಂದರೆ ಗೂಡು ಮನೆಯ ಕೆಳಗೇ ಇದೆಯೆಂದು ತಿಳಿಯತಕ್ಕದ್ದು.

ಗೆದ್ದಲು ತಿಂದ ಮರವು ಹೊರಗೆ ನುಣುಪಾಗಿಯೇ ಕಾಣುವುದು. ಬಣ್ಣ ಹೊಡೆದಿದ್ದರಂತೂ ಕಣ್ಣಿಗೆ ಏನೂ ತಿಳಿಯದು. ದಬ್ಬಳದಿಂದ ಕಂಬದ ಬುಡವನ್ನೂ, ಬಾಗಿಲುವಾಡದ ಕೆಳತುದಿಯನ್ನೂ, ತೊಲೆಯು ಗೋಡೆಯನ್ನು ಹೊಕ್ಕುವ ಕಡೆಯನ್ನೂ ಒತ್ತಿ ನೋಡಬೇಕು. ಈ ಮೂರು ಸ್ಥಳಗಳು ಗಟ್ಟಿಯಾಗಿದ್ದರೆ ಉಳಿದುದರಲ್ಲಿ ದೋಷವಿರುವುದು ಕಡಮೆ. ಸಾಗುವಾನಿ, ಹೊನ್ನೆ, ಬೀಟೆ ಮೊದಲಾದವುಗಳ ಚೇಗು ಗೆದ್ದಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಅವೇ ಮರಗಳ ಹೊರಪದರದ ಬಿಳಿಯ ಭಾಗವು ಮಾವಿನ ಹಲಗೆಯಷ್ಟೇ ಮೆದು. ಸಾಗುವಾನಿಯೆಂಬ ಹೆಸರಿಗೆ ಮರುಳಾಗಿ ಬಿಳಿಯ ಭಾಗವನ್ನು ಕೊಂಡವರು ಮೋಸಹೋಗುವರು. ಮರದ ಕೆಳಗೆ ಹಿಟ್ಟಿನಂತಹ ನಯವಾದ ಪುಡಿ ಉದುರಿದ್ದರೆ ಅದು ಗೆದ್ದಲಲ್ಲ, ಕುಟ್ಟೆಹುಳು. ಬಿದಿರನ್ನು ಉಪಯೋಗಿಸುವ ಮೊದಲು ಕೆಲವು ವಾರ ನೀರಿನಲ್ಲಿ ಮುಳುಗಿಸಿಡುವ ಹಳೆಯ ಪದ್ಧತಿಯು ಅದಕ್ಕೆ ಒಳ್ಳೆಯ ಮದ್ದು. ಆ ಹುಳುವಿಗೆ ಆಹಾರವಾದ ಸತ್ವವು ನೀರಿನಲ್ಲಿ ಕರಗಿಹೋಗುವುದು.

ಕಂಬವು ಮಣ್ಣಿನಲ್ಲಿ ನೇರವಾಗಿ ನೆಟ್ಟಿರಬಾರದು. ನೆಲದಿಂದ ಒಂದು ಗೇಣು ಎತ್ತರದ ಕಲ್ಲಿನ ಮೇಲೆ ನಿಂತಿರಬೇಕು. ಆಗ ಕೊಳವೆಯು ಕಲ್ಲಿನ ಮೇಲೆ ಹತ್ತಿದರೂ ಕಣ್ಣಿಗೆ ಬೀಳುವುದು. ಔಷಧದ ವಿಷಯದಲ್ಲಿ ಒಂದು ಎಚ್ಚರಿಕೆ: ಹಿಂದೆ ಬಹಳವಾಗಿ ಬಳಕೆಯಲ್ಲಿದ್ದ ಆಲ್ಡ್ರಿನ್ ಎಂಬ ವಿಷವನ್ನು ಭಾರತದಲ್ಲಿ 1996ರಲ್ಲಿ ನಿಷೇಧಿಸಲಾಗಿದೆ, ಹಳೆಯ ಡಬ್ಬಿಯು ಅಟ್ಟದಲ್ಲಿ ಸಿಕ್ಕಿದರೆ ಅದನ್ನು ಉಪಯೋಗಿಸಬಾರದು. ಈಗ ದೊರೆಯುವ ಔಷಧಗಳನ್ನೂ ಬಾವಿಯ ಹತ್ತಿರ, ಧಾನ್ಯದ ಕೋಣೆಯಲ್ಲಿ, ಅಡಿಗೆಯ ಮನೆಯಲ್ಲಿ ಸುರಿಯತಕ್ಕದ್ದಲ್ಲ.

ನೆಲ, ಹಗೇವು, ಧಾನ್ಯ

ಹಳೆಯ ಮನೆಗಳ ನೆಲವನ್ನು ಹಾರೆಯಿಂದ ಕುಟ್ಟುತ್ತ ಹೋದಾಗ ಒಂದು ಕಡೆ ಸದ್ದು ಬದಲಾಗುವುದುಂಟು. ಅಲ್ಲಿ ಹಿಂದಿನವರ ಹಗೇವು ಇರಬಹುದು. ರಾಗಿಯನ್ನು ವರ್ಷಗಟ್ಟಲೆ ಕಾಪಾಡಿದ ಆ ಗುಳಿಯು, ಬಾಯಿ ಮುಚ್ಚಿ ಮರೆತ ಮೇಲೆ ಮನೆಗೆ ಶತ್ರು. ಅದರ ಮೇಲೆ ಅಡ್ಡಗೋಡೆಯನ್ನು ಕಟ್ಟಿದ್ದರೆ ಗೋಡೆಯು ಕುಸಿಯುವುದು. ನೀರು ಅಲ್ಲಿ ಸೇರಿದರೆ ಪಾಯವು ನೆನೆಯುವುದು. ಕಂಡುಬಂದ ಹಗೇವನ್ನು ಬಾಯಿ ತೆರೆದು, ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಿ ತುಂಬಬೇಕು. ಆದರೆ ಬಾಯಿ ತೆಗೆದೊಡನೆ ಯಾರೂ ಇಳಿಯಬಾರದು. ಮುಚ್ಚಿದ ಹಗೇವಿನೊಳಗಿನ ಗಾಳಿಯು ಕೆಟ್ಟಿರುವುದು. ಇಳಿದವನೂ ಅವನನ್ನು ಎತ್ತಲು ಇಳಿದವನೂ ಇಬ್ಬರೂ ಸಾಯುವರು. ಬಹಳ ಹೊತ್ತು ತೆರೆದಿಟ್ಟು, ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡಬೇಕು. ದೀಪವು ಮಂಕಾದರೆ ಇಳಿಯಕೂಡದು. ಉರಿದರೂ ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ ಇಬ್ಬರು ಮೇಲೆ ಹಿಡಿದಿರಬೇಕು.

ಗೋಡೆಯ ತೇವವು ಧಾನ್ಯಕ್ಕೂ ತಾಗುವುದು. ಚೀಲಗಳನ್ನು ಗೋಡೆಗೆ ಒತ್ತಿ ಅಟ್ಟಿ ಹಾಕಿದ ಮನೆಗಳಲ್ಲಿ, ಗೋಡೆಯ ಕಡೆಯ ಸಾಲನ್ನು ಎಳೆದು ನೋಡಿದರೆ ಬೂಷ್ಟು ಹಿಡಿದ ಚೀಲಗಳು ಸಿಕ್ಕುವುವು. ಚೀಲಗಳ ಕೆಳಗೆ ಮರದ ಹಲಗೆ, ಗೋಡೆಗೂ ಚೀಲಕ್ಕೂ ನಡುವೆ ಒಂದು ಮೊಳ ಜಾಗ, ಇಷ್ಟನ್ನು ಬಿಟ್ಟರೆ ಗಾಳಿಯಾಡುವುದು, ಇಲಿಯ ಬಿಲವೂ ಕಾಣುವುದು. ಇಲಿ ಹೆಗ್ಗಣಗಳು ಬಿಲ ತೋಡುವುದೂ ನೆನೆದು ಮೆತ್ತಗಾದ ಗೋಡೆಯ ಬುಡದಲ್ಲಿಯೇ.

ವಿದ್ಯುತ್ತಿನ ತಂತಿಯನ್ನು ಪರೀಕ್ಷಿಸುವುದು ತಿಳಿದವರ ಕೆಲಸ. ಯಜಮಾನನು ಇಷ್ಟನ್ನು ಮಾತ್ರ ನೋಡಬಹುದು: ತಂತಿಯು ತಗಡಿನ ಅಂಚಿಗೆ ಉಜ್ಜುತ್ತಿದೆಯೇ, ಒದ್ದೆ ಗೋಡೆಯ ಮೇಲೆ ಬರಿಯ ಮೊಳೆಯಿಂದ ಹೊಡೆದಿದೆಯೇ, ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯು ಅದರ ಹತ್ತಿರ ಹಾದಿದೆಯೇ. ಮೂರರಲ್ಲಿ ಒಂದಿದ್ದರೂ ಅಂದೇ ಸರಿಪಡಿಸಬೇಕು.

ಪಾಲು ಮತ್ತು ಕ್ರಯದ ಕಾಲದಲ್ಲಿ

ಅಣ್ಣತಮ್ಮಂದಿರು ಮನೆಯನ್ನು ಪಾಲು ಮಾಡಿಕೊಳ್ಳುವಾಗ ಪಂಚರು ಅಂಕಣಗಳನ್ನು ಎಣಿಸಿ ಸಮನಾಗಿ ಹಂಚುವರು. ಪಡುವಣ ನಾಲ್ಕು ಅಂಕಣಗಳಿಗೆ ಗೆದ್ದಲು ಹಿಡಿದಿದ್ದು, ಮೂಡಣ ನಾಲ್ಕು ಗಟ್ಟಿಯಾಗಿದ್ದರೆ, ಆ ಹಂಚಿಕೆಯು ಲೆಕ್ಕದಲ್ಲಿ ಸಮ, ನಿಜದಲ್ಲಿ ಅಲ್ಲ. ಮೂರು ವರ್ಷಗಳ ತರುವಾಯ ತಮ್ಮನ ಮಾಳಿಗೆಯು ಇಳಿದಾಗ, ಅಣ್ಣನು ತಿಳಿದೇ ಮೋಸಮಾಡಿದನೆಂದು ವ್ಯಾಜ್ಯವು ಹುಟ್ಟುವುದು. ಅಣ್ಣನಿಗೂ ತಿಳಿದಿರಲಿಲ್ಲವೆಂಬುದನ್ನು ಆಗ ಯಾರೂ ನಂಬುವುದಿಲ್ಲ. ಪಾಲುಪಾರೀಖತ್ತನ್ನು ಬರೆಯುವ ಮುಂಚೆ ಇಬ್ಬರ ಎದುರಿನಲ್ಲಿಯೂ ಮನೆಯನ್ನು ಪರೀಕ್ಷಿಸಿ, ದೋಷಗಳನ್ನು ಬರೆದು, ದುರಸ್ತಿಯ ಖರ್ಚನ್ನು ಅಂದಾಜು ಮಾಡಿ ಪಾಲಿನಲ್ಲಿ ಸರಿತೂಗಿಸುವುದು ಗ್ರಾಮದ ಮುಖ್ಯಸ್ಥರು ಮಾಡಬಹುದಾದ ಉಪಕಾರ. ಕ್ರಯಕ್ಕೆ ಇಟ್ಟ ಮನೆಯಲ್ಲಿ ಒಂದೇ ಗೋಡೆಗೆ ಮಾತ್ರ ಹೊಸ ಸುಣ್ಣ ಬಳಿದಿದ್ದರೆ, ಒಂದೇ ಮೂಲೆಯಲ್ಲಿ ಮಾತ್ರ ಚೀಲಗಳನ್ನು ಅಟ್ಟಿದ್ದರೆ, ಕೊಳ್ಳುವವನು ಅಲ್ಲಿಂದಲೇ ಪರೀಕ್ಷೆಯನ್ನು ಆರಂಭಿಸುವುದು ಒಳ್ಳೆಯದು.

ಪರೀಕ್ಷೆಗೆ ತಕ್ಕ ಕಾಲ ವರ್ಷದಲ್ಲಿ ಎರಡು. ಯುಗಾದಿಯ ತರುವಾಯ, ಮುಂಗಾರಿಗೆ ಮುಂಚೆ ಒಮ್ಮೆ. ಆಗ ಮಾಳಿಗೆಯ ಮಣ್ಣನ್ನು ಇಳಿಸಲು, ಹೆಂಚನ್ನು ಕೈಯಾಡಿಸಲು, ಕಾಲುವೆಯನ್ನು ತೋಡಲು ಬಿಡುವಿರುವುದು. ದೀಪಾವಳಿಯ ತರುವಾಯ ಮತ್ತೊಮ್ಮೆ. ಆಗ ಮಳೆಯು ಬಿಟ್ಟುಹೋದ ಗುರುತುಗಳು ಗೋಡೆಯ ಮೇಲೆ ಇನ್ನೂ ಮಾಸಿರುವುದಿಲ್ಲ. ಗುಂಡಿನ ಅಳತೆಗಳನ್ನೂ ಸುಣ್ಣದ ಪಟ್ಟಿಯ ತಾರೀಖುಗಳನ್ನೂ ಒಂದು ಪುಸ್ತಕದಲ್ಲಿ ಬರೆದು, ಕಂದಾಯದ ರಸೀತಿಗಳ ಜೊತೆಯಲ್ಲಿ ಇಡತಕ್ಕದ್ದು.